ಮೋಟಾರು ದೋಣಿಯ ಸ್ಪೀಡೋಮೀಟರ್ ಕೆಟ್ಟಾಗ

ಮೋಟಾರು ದೋಣಿಯ ಡ್ಯಾಶ್‌ಬೋರ್ಡಿನಲ್ಲಿ ಕಾಣುವ ಮುಳ್ಳಿನ ಸ್ಪೀಡೋಮೀಟರ್ ಅಸಲಿಗೆ ಒಂದು ಒತ್ತಡಮಾಪಕ. ಕಾರು, ಬೈಕುಗಳಲ್ಲಿ ಚಕ್ರ ಎಷ್ಟು ಸುತ್ತು ತಿರುಗಿತು ಎಂದು ಎಣಿಸಿ ವೇಗ ಹೇಳಬಹುದು. ನೀರಿನ ಮೇಲೆ ಓಡುವ ದೋಣಿಗೆ ಅಂಥ ಚಕ್ರವಿಲ್ಲ. ಪ್ರೊಪೆಲರಿನ ಸುತ್ತುಗಳನ್ನು ಎಣಿಸಿ ಪ್ರಯೋಜನವಿಲ್ಲ, ಅದು ನೀರಿನಲ್ಲಿ ಜಾರುತ್ತದೆ. ಎಂಜಿನ್ ಒಂದೇ ಆರ್‌ಪಿಎಮ್‌ನಲ್ಲಿ ಓಡುತ್ತಿದ್ದರೂ ಖಾಲಿ ದೋಣಿಯ ವೇಗ ಬೇರೆ, ಹತ್ತು ಜನ ಕೂತ ದೋಣಿಯ ವೇಗ ಬೇರೆ. ಹಾಗಾಗಿ ದೋಣಿ ಮುಂದೆ ನುಗ್ಗುವಾಗ ಎದುರಿನ ನೀರು ಎಷ್ಟು ಜೋರಾಗಿ ಒತ್ತುತ್ತದೆ ಎಂಬುದನ್ನು ಒಂದು ಸಣ್ಣ ತೂತಿನಲ್ಲಿ ಹಿಡಿದು, ಆ ಒತ್ತಡವನ್ನು ತೆಳುವಾದ ಟ್ಯೂಬಿನಲ್ಲಿ ಡಯಲಿಗೆ ಮುಟ್ಟಿಸಿ ಮುಳ್ಳನ್ನು ಓಡಿಸುವ ವ್ಯವಸ್ಥೆ ಬಂತು. ತೂತು, ಟ್ಯೂಬು, ಡಯಲು: ಸ್ಪೀಡೋಮೀಟರ್ ಕೆಟ್ಟಿತೆಂದರೆ ದೋಷ ಈ ಮೂರರಲ್ಲಿ ಎಲ್ಲೋ ಒಂದು ಕಡೆ ಇದೆ. ಕಣ್ಣಿಗೆ ಕಾಣುವುದು ಡಯಲು ಮಾತ್ರವಾದ್ದರಿಂದ ಅನುಮಾನವೂ ಮೊದಲು ಅದರ ಮೇಲೆಯೇ ಬೀಳುತ್ತದೆ. ಹೊಸ ಡಯಲು ತಂದು ಕೂರಿಸಿಯೂ ಮುಳ್ಳು ಅಲುಗದಿದ್ದಾಗಲಷ್ಟೇ ಉಳಿದೆರಡರ ನೆನಪಾಗುತ್ತದೆ. ಹುಡುಕಾಟ ನಡೆಯಬೇಕಾದ್ದು ಇದಕ್ಕೆ ಉಲ್ಟಾ ದಿಕ್ಕಿನಲ್ಲಿ, ಅಂದರೆ ನೀರು ಬರುವ ದಾರಿಯಲ್ಲೇ ತೂತಿನಿಂದ ಮೇಲಕ್ಕೆ.

ಈ ತೂತಿಗೆ ಪಿಟೋ ಎಂಬ ಹೆಸರು ಬಂದದ್ದು ಫ್ರಾನ್ಸಿನ ಎಂಜಿನಿಯರ್ ಆನ್ರಿ ಪಿಟೋನಿಂದ. 1732ರಲ್ಲಿ ಅವನು ಪ್ಯಾರಿಸಿನ ಸೇನ್ ನದಿಯ ಹರಿವನ್ನು ಅಳೆಯಲು ತುದಿ ಬಾಗಿದ ಗಾಜಿನ ಕೊಳವೆಯೊಂದನ್ನು ನೀರಿಗಿಳಿಸಿದ. ಬಾಗಿದ ಬಾಯಿ ಹರಿವಿಗೆ ಎದುರಾಗಿದ್ದಾಗ ಕೊಳವೆಯೊಳಗೆ ನೀರು ಹೊರಗಿನ ಮಟ್ಟಕ್ಕಿಂತ ಮೇಲೇರಿತು. ಹರಿವು ಜೋರಾದಷ್ಟೂ ಏರಿಕೆ ಹೆಚ್ಚಿತು. ನದಿಯಲ್ಲಿ ಆಳಕ್ಕೆ ಹೋದಷ್ಟೂ ಹರಿವಿನ ವೇಗ ಹೆಚ್ಚುತ್ತದೆ ಎಂಬ ಆಗಿನ ನಂಬಿಕೆಯನ್ನು ಅಳೆದು ಅಲ್ಲಗಳೆಯಲು ಈ ಸರಳ ಸಾಧನವೇ ಸಾಕಾಯಿತು. ಡಯಲಿನೊಳಗಿರುವ ಇನ್ನೊಂದು ಮುಖ್ಯ ಭಾಗವೂ ಫ್ರಾನ್ಸಿನದೇ. ಯುಜೀನ್ ಬೂರ್ದೋನ್ 1849ರಲ್ಲಿ ಪೇಟೆಂಟ್ ಪಡೆದ, ಬಿಲ್ಲಿನಂತೆ ಬಾಗಿಸಿ ಚಪ್ಪಟೆ ಮಾಡಿದ ಲೋಹದ ಕೊಳವೆ ಅದು. ಒಳಗೆ ಒತ್ತಡ ಏರಿದಾಗ ಆ ಬಾಗು ಸ್ವಲ್ಪ ನೆಟ್ಟಗಾಗುತ್ತದೆ. ಅದರ ತುದಿಗೆ ಜೋಡಿಸಿದ ಸಣ್ಣ ಹಲ್ಲುಚಕ್ರಗಳು ಆ ಚೂರು ಚಲನೆಯನ್ನು ಹಿಗ್ಗಿಸಿ ಮುಳ್ಳನ್ನು ತಿರುಗಿಸುತ್ತವೆ. ಉಗಿಯಂತ್ರಗಳ ಒತ್ತಡ ಅಳೆಯಲು ಹುಟ್ಟಿದ ಈ ಕೊಳವೆ ಇಂದಿಗೂ ಗ್ಯಾಸ್ ಸಿಲಿಂಡರಿನ ಮೀಟರಿನಲ್ಲೂ ದೋಣಿಯ ಡಯಲಿನಲ್ಲೂ ದುಡಿಯುತ್ತಿದೆ.

ದುರಸ್ತಿಗೆ ಕೈಹಾಕುವ ಮೊದಲು ಒಂದು ಲೆಕ್ಕ ತಿಳಿದಿರಬೇಕು. ಎದುರು ನೀರಿನ ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ವೇಗ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟು. ಟೈರಿಗೆ ಗಾಳಿ ಹಾಕುವವರ ಪೌಂಡ್ ಲೆಕ್ಕದಲ್ಲಿ ಹೇಳುವುದಾದರೆ, ಗಂಟೆಗೆ 18 ಕಿ.ಮೀ. ವೇಗದಲ್ಲಿ ಪಿಟೋ ತೂತಿಗೆ ಸಿಗುವ ಒತ್ತಡ 2 ಪೌಂಡಿಗೂ ಕಡಿಮೆ, 36 ಕಿ.ಮೀ.ಗೆ ಸುಮಾರು 7 ಪೌಂಡು, 72 ಕಿ.ಮೀ.ಗೆ ಸುಮಾರು 29 ಪೌಂಡು, ಹೆಚ್ಚುಕಡಿಮೆ ಕಾರಿನ ಟೈರಿನಲ್ಲಿರುವಷ್ಟು. ನಿಧಾನ ವೇಗದಲ್ಲಿ ಈ ಸ್ಪೀಡೋಮೀಟರ್‌ಗಳು ನಂಬಿಕೆಗೆ ಅರ್ಹವಲ್ಲದಿರಲು ಇದೇ ಕಾರಣ. ಬಂದರಿನೊಳಗೆ ಮೆಲ್ಲಗೆ ಸಾಗುವಾಗ ಮುಳ್ಳು ಸೊನ್ನೆಯಲ್ಲೇ ಮಲಗಿದ್ದರೆ ಅದು ಕೆಟ್ಟಿದೆ ಎಂದಲ್ಲ, ಅದನ್ನು ಎಬ್ಬಿಸುವಷ್ಟು ಒತ್ತಡವೇ ಅಲ್ಲಿಲ್ಲ. ಬಹಳಷ್ಟು ಡಯಲುಗಳಲ್ಲಿ ಗಂಟೆಗೆ 10 ಮೈಲಿ, ಅಂದರೆ 16 ಕಿ.ಮೀ.ಗಿಂತ ಕೆಳಗೆ ಗೆರೆಗಳೇ ಇರುವುದಿಲ್ಲ.

ನಿಜಕ್ಕೂ ಕೆಟ್ಟಿದೆಯೇ?

ಇಂದು ಹೋಲಿಸಿ ನೋಡಲು ಎಲ್ಲರ ಕೈಯಲ್ಲೂ ಜಿಪಿಎಸ್ ಇದೆ. ನೇರ ದಾರಿಯಲ್ಲಿ, ಒಂದೇ ವೇಗದಲ್ಲಿ ಓಡುತ್ತಿರುವಾಗ ಫೋನು ತೋರಿಸುವ ವೇಗ ಸಾಕಷ್ಟು ನಿಖರವಾಗಿರುತ್ತದೆ. ಆದರೆ ಹೋಲಿಸುವಾಗ ಎರಡು ವಿಷಯ ಗಮನದಲ್ಲಿರಬೇಕು. ಮೊದಲನೆಯದು ಅಳತೆಯ ಮಾನ. ದೋಣಿಯ ಡಯಲು ಮೈಲಿಯಲ್ಲೋ ಕಿಲೋಮೀಟರಿನಲ್ಲೋ ಇರುತ್ತದೆ, ಸಮುದ್ರಕ್ಕೆಂದೇ ಮಾಡಿದ ಜಿಪಿಎಸ್ ಸಾಮಾನ್ಯವಾಗಿ ನಾಟ್‌ಗಳಲ್ಲಿ ತೋರಿಸುತ್ತದೆ. ಒಂದು ನಾಟ್ ಎಂದರೆ ಗಂಟೆಗೆ 1.852 ಕಿ.ಮೀ. ಒಂದು ಪರದೆಯಲ್ಲಿ 20, ಇನ್ನೊಂದರಲ್ಲಿ 23, ಮತ್ತೊಂದರಲ್ಲಿ 37 ಎಂದು ಕಂಡರೂ ಮೂರೂ ಸರಿಯಾಗಿರಬಹುದು: 20 ನಾಟ್, 23 ಮೈಲಿ, 37 ಕಿಲೋಮೀಟರ್ ಒಂದೇ ವೇಗ.

ಎರಡನೆಯದು ಇದಕ್ಕಿಂತ ಸೂಕ್ಷ್ಮವಾದದ್ದು. ಜಿಪಿಎಸ್ ಹೇಳುವುದು ನೆಲದ ಲೆಕ್ಕದ ವೇಗ. ಪಿಟೋ ಹೇಳುವುದು ನೀರಿನ ಲೆಕ್ಕದ ವೇಗ. ನೀರೇ ಹರಿಯುತ್ತಿದ್ದರೆ ಇವೆರಡೂ ಒಂದಾಗಲಾರವು. ಮಂಗಳೂರಿನಲ್ಲಿ ನೇತ್ರಾವತಿ, ಗುರುಪುರ ನದಿಗಳು ಸಮುದ್ರ ಸೇರುವ ಅಳಿವೆಬಾಗಿಲಿನಲ್ಲಿ ಇಳಿತದ ಹೊತ್ತಿಗೆ ನೀರು ಕಡಲಿನ ಕಡೆಗೆ ಸೆಳೆಯುತ್ತದೆ. ಆಗ ಹೊರಗೆ ಹೋಗುವ ದೋಣಿಗೆ ಜಿಪಿಎಸ್ ಹೆಚ್ಚು ವೇಗ ತೋರಿಸುತ್ತದೆ, ಒಳಗೆ ಬರುವ ದೋಣಿಗೆ ಕಡಿಮೆ ತೋರಿಸುತ್ತದೆ. ಎರಡೂ ಸಲ ಡಯಲಿನ ಮುಳ್ಳು ಒಂದೇ ಕಡೆ ನಿಂತಿರಬಹುದು. ಇಲ್ಲಿ ಯಾವ ಸಾಧನವೂ ತಪ್ಪು ಹೇಳುತ್ತಿಲ್ಲ. ಪರೀಕ್ಷೆಗೆ ಒಳ್ಳೆಯ ಜಾಗವೆಂದರೆ ನಿಂತ ನೀರು. ಲಿಂಗನಮಕ್ಕಿ, ಕಬಿನಿಯಂಥ ಜಲಾಶಯಗಳ ಹಿನ್ನೀರಿನಲ್ಲಿ ಸೆಳೆತ ಬಹಳ ಕಡಿಮೆ. ಅಲ್ಲಿಯೂ ಡಯಲು, ಜಿಪಿಎಸ್ ಎರಡರ ಅಂತರ ಹೆಚ್ಚಿದ್ದರೆ ದೋಷವಿರುವುದು ಖಂಡಿತ. ಸಿಹಿನೀರಿಗಿಂತ ಸಮುದ್ರದ ನೀರು ಸ್ವಲ್ಪ ಭಾರ. ಅದರಿಂದ ಬರುವ ವ್ಯತ್ಯಾಸ ನೂರಕ್ಕೆ ಒಂದರಷ್ಟು ಮಾತ್ರ, ಅದನ್ನು ಲೆಕ್ಕಕ್ಕೆ ಹಿಡಿಯಬೇಕಿಲ್ಲ.

ಮುಳ್ಳು ತಪ್ಪುವ ರೀತಿಯೂ ದೋಷದ ಸುಳಿವು ಕೊಡುತ್ತದೆ. ಎಷ್ಟೇ ಜೋರಾಗಿ ಓಡಿಸಿದರೂ ಸೊನ್ನೆ ಬಿಟ್ಟು ಏಳದಿದ್ದರೆ ತೂತು ಪೂರ್ತಿ ಮುಚ್ಚಿದೆ ಅಥವಾ ಟ್ಯೂಬು ಎಲ್ಲೋ ಕಳಚಿದೆ. ಎಲ್ಲ ವೇಗದಲ್ಲೂ ಕಡಿಮೆಯನ್ನೇ ತೋರಿಸಿದರೆ ಸೋರಿಕೆ. ದೋಣಿ ವೇಗ ಪಡೆದು ಎಷ್ಟೋ ಹೊತ್ತಾದ ಮೇಲೆ ಮುಳ್ಳು ನಿಧಾನವಾಗಿ ಮೇಲೇರಿ, ನಿಂತ ಮೇಲೂ ನಿಧಾನವಾಗಿ ಇಳಿದರೆ ದಾರಿಯಲ್ಲಿ ಮರಳೋ ಹೂಳೋ ಅರ್ಧಂಬರ್ಧ ಕಟ್ಟಿಕೊಂಡಿದೆ. ಮುಳ್ಳು ಮೇಲೇರಿ ಅಲ್ಲಿಯೇ ನಿಂತುಬಿಟ್ಟರೆ ಒಳಗೆ ಒತ್ತಡ ಸಿಕ್ಕಿಬಿದ್ದಿರಬೇಕು, ಇಲ್ಲವೇ ಡಯಲಿನ ಕೊಳವೆ ಹಿಗ್ಗಿ ಹಾಳಾಗಿರಬೇಕು. ಮುಳ್ಳು ಒಂದೇ ಸಮನೆ ತುಯ್ದಾಡುತ್ತಿದ್ದರೆ ತೂತಿಗೆ ಶುದ್ಧ ನೀರಿನ ಬದಲು ಗುಳ್ಳೆ ತುಂಬಿದ ನೀರು ಬಡಿಯುತ್ತಿದೆ.

ತೂತು

ದೋಣಿಯ ಹಿಂಬದಿಗೆ ಹೊರಗಿನಿಂದ ಜೋಡಿಸುವ ಇತ್ತೀಚಿನ ಹಲವು ಔಟ್‌ಬೋರ್ಡ್ ಎಂಜಿನ್‌ಗಳಲ್ಲಿ ಪಿಟೋ ತೂತು ಎಂಜಿನ್ನಿನಲ್ಲೇ ಇದೆ. ಪ್ರೊಪೆಲರಿನ ಮುಂದೆ, ನೀರಿನಡಿ ಇರುವ ಗೇರ್‌ಕೇಸಿನ ಚೂಪಾದ ಮುಂದಂಚನ್ನು ಕೈಯಲ್ಲಿ ಸವರಿದರೆ ಅಕ್ಕಿಕಾಳು ಹಿಡಿಸುವಷ್ಟು ಸಣ್ಣ ತೂತು ಬೆರಳಿಗೆ ಸಿಗುತ್ತದೆ. ಎಂಜಿನ್ನಿಗೆ ತಂಪು ನೀರು ಎಳೆದುಕೊಳ್ಳುವ ಜಾಲರಿ ಬೇರೆ; ಎರಡನ್ನೂ ಒಂದೇ ಎಂದು ತಿಳಿಯಬಾರದು. ಮಾಪಕಕ್ಕೆಂದು ಬೇರೆಯೇ ಪಿಟೋ ಹಾಕಿದ ದೋಣಿಗಳಲ್ಲಿ ಅದು ಹಿಂಬದಿಯ ಹಲಗೆಗೆ ಸ್ಕ್ರೂ ಮಾಡಿದ ಪ್ಲಾಸ್ಟಿಕ್ ಕಾಲಿನ ರೂಪದಲ್ಲಿರುತ್ತದೆ. ನೀರಿನಡಿಯ ಏನಾದರೂ ತಾಗಿದಾಗ ಹಿಂದಕ್ಕೆ ಮಡಚಿಕೊಳ್ಳಲೆಂದು ಅದಕ್ಕೆ ಸ್ಪ್ರಿಂಗ್ ಕೊಟ್ಟಿರುತ್ತಾರೆ. ಮುಳುಗಿದ ಮರದ ಬೊಡ್ಡೆಗಳಿರುವ ಹಿನ್ನೀರಿನಲ್ಲಿ ಆ ಕಾಲು ಮಡಚಿಕೊಂಡು, ಸ್ಪ್ರಿಂಗ್ ಸಡಿಲವಾಗಿ, ಮತ್ತೆ ಕೆಳಗಿಳಿಯದೆ ಉಳಿದಿರುವುದೂ ಉಂಟು. ಅಂಥ ದೋಣಿಯಲ್ಲಿ ಸ್ಪೀಡೋಮೀಟರ್ ಸತ್ತಂತೆ ಕಂಡರೆ ಮೊದಲು ಹಿಂದಕ್ಕೆ ಬಗ್ಗಿ ಆ ಕಾಲನ್ನು ನೋಡಬೇಕು.

ತೂತಿನಲ್ಲಿ ಸಿಕ್ಕಿಕೊಳ್ಳುವುದು ಮರಳು, ಜೇಡಿ, ಪಾಚಿಯ ಎಳೆ, ಪ್ಲಾಸ್ಟಿಕ್ಕಿನ ಚೂರು. ಉಪ್ಪುನೀರಿನಲ್ಲಿ ತಿಂಗಳುಗಟ್ಟಲೆ ನಿಂತ ದೋಣಿಯಾದರೆ ಚಿಪ್ಪುಜೀವಿಗಳು ಬಾಯಿಗೇ ಅಂಟಿ ಬೆಳೆದಿರುತ್ತವೆ. ದಡದ ಮೇಲಿದ್ದ ದೋಣಿಗೆ ಬೇರೆ ಕಾಟ. ಕರ್ನಾಟಕದ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುತ್ತದೆ; ಪ್ರವಾಸಿ ದೋಣಿಗಳೂ ಮಳೆಗಾಲದಲ್ಲಿ ದಡ ಸೇರುತ್ತವೆ. ಹೀಗೆ ಕೆಲಸವಿಲ್ಲದೆ ನಿಂತ ಎಂಜಿನ್ನಿನ ಆ ತೂತು, ಮಣ್ಣಿನ ಗೂಡು ಕಟ್ಟುವ ಕಣಜಗಳಿಗೆ ಹೇಳಿ ಮಾಡಿಸಿದ ಜಾಗ. ಒಣಗಿದ ಆ ಮಣ್ಣು ಕಲ್ಲಿನಂತೆ ಗಟ್ಟಿಯಾಗಿ, ನೀರಿಗಿಳಿದ ಮೇಲೂ ಬೇಗ ಕರಗುವುದಿಲ್ಲ.

ಇದು ಚಿಕ್ಕ ವಿಷಯವೆಂದು ತಳ್ಳಿಹಾಕುವಂತಿಲ್ಲ. ವಿಮಾನಗಳೂ ಗಾಳಿಯಲ್ಲಿನ ವೇಗ ತಿಳಿಯಲು ಇದೇ ಪಿಟೋ ಕೊಳವೆಯನ್ನು ನೆಚ್ಚಿಕೊಂಡಿವೆ. 1996ರ ಫೆಬ್ರುವರಿ 6ರಂದು ಡೊಮಿನಿಕನ್ ಗಣರಾಜ್ಯದ ಪುಯೆರ್ಟೊ ಪ್ಲಾಟಾದಿಂದ ಹೊರಟ ಬೋಯಿಂಗ್ 757 ವಿಮಾನ ಸಮುದ್ರಕ್ಕೆ ಬಿದ್ದು 189 ಮಂದಿ ಸತ್ತರು. ಒಂದು ಪಿಟೋ ಕೊಳವೆ ಕಟ್ಟಿಕೊಂಡು ವೇಗ ತಪ್ಪಾಗಿ ಕಂಡದ್ದು ಅನಾಹುತದ ಮೂಲ. ವಿಮಾನ ನಿಂತಿದ್ದಾಗ ಕವಚವಿಲ್ಲದೆ ಉಳಿದಿದ್ದ ಆ ಕೊಳವೆಯೊಳಗೆ ಕಣಜ ಗೂಡು ಕಟ್ಟಿದ್ದಿರಬೇಕೆಂದು ತನಿಖೆ ನಡೆಸಿದವರು ಶಂಕಿಸಿದರು. ದೋಣಿಯಲ್ಲಿ ಅಷ್ಟು ದೊಡ್ಡ ಅಪಾಯವಿಲ್ಲ. ಆದರೂ ಜನರನ್ನು ಕೂರಿಸಿಕೊಂಡು ಓಡುವವರಿಗೆ, ನೀರಿನ ಮೇಲೆ ಸ್ಕೀ ಮಾಡುವವರನ್ನು ಹಗ್ಗದಿಂದ ಎಳೆಯುವವರಿಗೆ ವೇಗ ತಪ್ಪಾಗಿ ಕಾಣುವುದು ಸಣ್ಣ ತೊಂದರೆಯೇನಲ್ಲ.

ತೂತನ್ನು ಬಿಡಿಸುವ ಕೆಲಸ ಸುಲಭ, ಕ್ರಮ ಮಾತ್ರ ತಪ್ಪಬಾರದು. ಎಂಜಿನ್ ನಿಲ್ಲಿಸಿ, ಕೀ ತೆಗೆದು, ಸುರಕ್ಷತಾ ಹಗ್ಗದ ಕ್ಲಿಪ್ಪನ್ನೂ ಕಳಚಿಟ್ಟು, ಮೇಲೆತ್ತಿದ ಎಂಜಿನ್ನಿಗೆ ಅದರ ಲಾಕು ಹಾಕಿದ ಮೇಲೆಯೇ ಪ್ರೊಪೆಲರಿನ ಹತ್ತಿರ ಕೈ ಹೋಗಬೇಕು. ಆಮೇಲೆ, ತೂತನ್ನು ಮುಟ್ಟುವುದಕ್ಕೂ ಮೊದಲು, ಡ್ಯಾಶ್‌ಬೋರ್ಡಿನ ಹಿಂದೆ ಡಯಲಿಗೆ ಸಿಕ್ಕಿಸಿರುವ ಟ್ಯೂಬನ್ನು ಕಳಚಬೇಕು. ಇದನ್ನು ಮರೆತು ಕೆಳಗಿನಿಂದ ಕಂಪ್ರೆಸರ್ ಗಾಳಿ ಬಿಟ್ಟರೆ 100 ಪೌಂಡಿಗೂ ಮೀರಿದ ಒತ್ತಡ ನೇರ ಡಯಲಿಗೆ ನುಗ್ಗಿ, ಒಳಗಿನ ಬೂರ್ದೋನ್ ಕೊಳವೆ ಹಿಗ್ಗಿಹೋಗುತ್ತದೆ. ಅಲ್ಲಿಯವರೆಗೆ ಚೆನ್ನಾಗಿದ್ದ ಡಯಲು ಆಗ ನಿಜವಾಗಿ ಕೆಡುತ್ತದೆ. ಟ್ಯೂಬು ಕಳಚಿದ ಮೇಲೆ ತೆಳು ತಂತಿಯನ್ನೋ ಗಿಟಾರಿನ ಹಳೆ ತಂತಿಯನ್ನೋ ತೂತಿಗೆ ಹಾಕಿ ಮೆಲ್ಲಗೆ ತಿರುಗಿಸಿ ಕಸ ಸಡಿಲಿಸಬೇಕು. ಡ್ರಿಲ್ ಬಿಟ್ ಬಳಸುವುದಾದರೆ ಮೆಷೀನಿಗೆ ಹಾಕದೆ ಬೆರಳಲ್ಲೇ ತಿರುಗಿಸಬೇಕು. ತೂತು ದೊಡ್ಡದಾದರೂ ಅಂಚು ಮುರಿದರೂ ಅಳತೆ ಕೆಡುತ್ತದೆ. ಕೊನೆಗೆ ಡಯಲಿನ ಕಡೆಯ ತುದಿಯಿಂದ ಗಾಳಿ ಊದಬೇಕು, ಕಸ ಬಂದ ದಾರಿಯಲ್ಲೇ ಹೊರಬೀಳುವಂತೆ. ಕೆಳಗಿನಿಂದ ಊದಿದರೆ ಸಡಿಲವಾದ ಮರಳು ಟ್ಯೂಬಿನೊಳಗೆ ಇನ್ನೂ ಮೇಲೆ ಹೋಗಿ ಕೂರುತ್ತದೆ. ಮಣ್ಣಿನ ಗೂಡಾಗಿದ್ದರೆ ರಾತ್ರಿಯಿಡೀ ನೀರು ಹನಿಸಿ ನೆನೆಸಿ, ಮರುದಿನ ಚುಚ್ಚುವುದು ಲೇಸು.

ಟ್ಯೂಬು

ತೂತು ಸ್ವಚ್ಛವಾಗಿದ್ದೂ ಮುಳ್ಳು ಏಳದಿದ್ದರೆ ಮುಂದಿನ ಅನುಮಾನ ಟ್ಯೂಬಿನ ಮೇಲೆ. ಸರಳವಾದ ಒಂದು ಪರೀಕ್ಷೆಯಿದೆ. ಡಯಲಿನಿಂದ ಕಳಚಿದ ತುದಿಯನ್ನು ಒಬ್ಬರು ಬಕೆಟ್ಟಿನೊಳಗೆ ಹಿಡಿದಿರಬೇಕು, ಇನ್ನೊಬ್ಬರು ಲೈಫ್ ಜಾಕೆಟ್ ತೊಟ್ಟು ದೋಣಿಯನ್ನು ಮಧ್ಯಮ ವೇಗದಲ್ಲಿ ಓಡಿಸಬೇಕು. ಮೊದಲು ಗಾಳಿ, ಆಮೇಲೆ ನೀರು ರಭಸವಾಗಿ ಚಿಮ್ಮಿದರೆ ತೂತಿನಿಂದ ಡ್ಯಾಶ್‌ಬೋರ್ಡಿನವರೆಗಿನ ದಾರಿ ತೆರೆದಿದೆ ಎಂದು ಗೊತ್ತಾಗುತ್ತದೆ. ಏನೂ ಬರದಿದ್ದರೆ ದಾರಿ ಮುಚ್ಚಿದೆ, ಇಲ್ಲವೇ ನಡುವೆ ತುಂಡಾಗಿದೆ.

ಟ್ಯೂಬು ಸಾಮಾನ್ಯವಾಗಿ ಪೆನ್ಸಿಲ್ ದಪ್ಪದ ಕಪ್ಪು ಪ್ಲಾಸ್ಟಿಕ್ಕಿನದು. ಅದು ಸೋಲುವ ಜಾಗಗಳು ಎಲ್ಲ ದೋಣಿಗಳಲ್ಲೂ ಹೆಚ್ಚುಕಡಿಮೆ ಒಂದೇ. ಎಂಜಿನ್ ಎಡಬಲಕ್ಕೆ ತಿರುಗುವ, ಮೇಲಕ್ಕೆ ಎತ್ತುವ ಮಡಿಕೆಯಲ್ಲಿ ಅದು ಸದಾ ಬಾಗಿ ಬಾಗಿ ಬಿರುಕು ಬಿಡುತ್ತದೆ. ಎಂಜಿನ್ ಮುಚ್ಚಳದೊಳಗೆ ಬಿಸಿಯಾದ ಭಾಗಕ್ಕೆ ತಾಗಿ ಮೆತ್ತಗಾಗಿ ಚಪ್ಪಟೆಯಾಗುತ್ತದೆ. ಬಿಸಿಲು ಬೀಳುವ ಕಡೆ ಒಣಗಿ, ಫಿಟಿಂಗಿನ ಮೇಲೆ ಏರಿಸಿದ ತುದಿಯಲ್ಲೇ ಸೀಳುತ್ತದೆ. ಕೆನಡಾ, ಅಮೆರಿಕದ ಉತ್ತರದ ರಾಜ್ಯಗಳಂಥ ಚಳಿ ನಾಡುಗಳಲ್ಲಿ ಒಳಗೆ ಉಳಿದ ನೀರು ಹೆಪ್ಪುಗಟ್ಟಿ ಟ್ಯೂಬನ್ನೇ ಒಡೆಯುತ್ತದೆ.

ಇನ್ನೊಂದು ಕಾರಣ ಸರ್ವೀಸಿಗೆ ಸಂಬಂಧಿಸಿದ್ದು, ಬಹಳ ಸಲ ಯಾರ ಗಮನಕ್ಕೂ ಬಾರದ್ದು. ತಂಪು ನೀರಿನ ಪಂಪಿನ ರೆಕ್ಕೆಚಕ್ರ (ಇಂಪೆಲರ್) ಬದಲಿಸಲು ಮೆಕಾನಿಕ್ಕು ಗೇರ್‌ಕೇಸನ್ನು ಕಳಚಿ ಕೆಳಗಿಳಿಸುತ್ತಾನೆ. ಪಿಟೋ ತೂತಿನಿಂದ ಮೇಲೆ ಬರುವ ಟ್ಯೂಬನ್ನು ಆಗ ಬಿಡಿಸಲೇಬೇಕು. ಮರಳಿ ಜೋಡಿಸುವಾಗ ಅದನ್ನು ಸಿಕ್ಕಿಸುವುದು ಮರೆತುಹೋದರೂ, ಎರಡು ಲೋಹದ ಭಾಗಗಳ ನಡುವೆ ಸಿಕ್ಕಿ ಅದು ಅಪ್ಪಚ್ಚಿಯಾದರೂ ಎಂಜಿನ್ನಿನ ಓಟದಲ್ಲಿ ಒಂದಿಷ್ಟೂ ವ್ಯತ್ಯಾಸ ಕಾಣುವುದಿಲ್ಲ. ಸ್ಪೀಡೋಮೀಟರ್ ಮಾತ್ರ ಸುಮ್ಮನಾಗುತ್ತದೆ. ಸರ್ವೀಸು ಮುಗಿಸಿ ಬಂದ ದೋಣಿಯಲ್ಲಿ ಮುಳ್ಳು ಸತ್ತಿದ್ದರೆ ಬೇರೆ ಕಡೆ ಹುಡುಕುವ ಮೊದಲು ಇದನ್ನು ಕೇಳಬೇಕು. ಗೇರ್‌ಕೇಸನ್ನೇ ಬದಲಿಸಿದ್ದರೆ ಹೊಸದರಲ್ಲಿ ಪಿಟೋ ತೂತು ಇದೆಯೇ ಎಂಬುದನ್ನೂ ನೋಡಬೇಕು.

ಸೋರಿಕೆ ಹುಡುಕಲು ಕಾರಿನ ಟೈರಿಗೆ ಗಾಳಿ ತುಂಬುವ, ಪೌಂಡ್ ಮೀಟರ್ ಇರುವ ಕಾಲುಪಂಪೊಂದು ಸಾಕು. ಟ್ಯೂಬಿನ ಕೆಳತುದಿಯನ್ನು ಎಂಜಿನ್ನಿನಿಂದ ಬಿಡಿಸಿ ಪಂಪಿಗೆ ಜೋಡಿಸಿ, ಮೇಲಿನ ತುದಿಯನ್ನು ಡಯಲಿಗೆ ಸಿಕ್ಕಿಸಿಯೇ ಇಟ್ಟು, ತೀರ ನಿಧಾನವಾಗಿ ಗಾಳಿ ಹಾಕಬೇಕು. 5 ಪೌಂಡಿಗೆ ಮುಳ್ಳು ಗಂಟೆಗೆ 30 ಕಿ.ಮೀ. ಹತ್ತಿರ ಬರಬೇಕು, 10 ಪೌಂಡಿಗೆ 42ರ ಹತ್ತಿರ, 20 ಪೌಂಡಿಗೆ 60ರ ಹತ್ತಿರ. ಡಯಲಿನ ಕೊನೆಯ ಅಂಕಿಯನ್ನು ಯಾವ ಕಾರಣಕ್ಕೂ ದಾಟಿಸಬಾರದು. ನಂತರ ಪಂಪಿನ ಬಾಯಿಯ ಹತ್ತಿರವೇ ಟ್ಯೂಬನ್ನು ಮಡಚಿ ಬಿಗಿಯಾಗಿ ಹಿಡಿದು ಮುಳ್ಳನ್ನು ಒಂದೆರಡು ನಿಮಿಷ ನೋಡುತ್ತಿರಬೇಕು. ಮಡಚಿ ಹಿಡಿಯದಿದ್ದರೆ ಪಂಪಿನಲ್ಲೇ ಗಾಳಿ ಸೋರಿ ತಪ್ಪು ತೀರ್ಮಾನಕ್ಕೆ ಬರುವ ಸಂಭವವಿದೆ. ಮುಳ್ಳು ನಿಂತಲ್ಲಿಯೇ ನಿಂತರೆ ಟ್ಯೂಬೂ ಡಯಲೂ ಎರಡೂ ಗಟ್ಟಿ. ಮೆಲ್ಲಗೆ ಇಳಿಯುತ್ತಿದ್ದರೆ ಜಾಯಿಂಟುಗಳಿಗೆಲ್ಲ ಬ್ರಶ್ಶಿನಿಂದ ಸೋಪುನೀರು ಬಳಿಯುತ್ತ ಹೋಗಬೇಕು. ಸೈಕಲ್ ಪಂಕ್ಚರ್ ಅಂಗಡಿಯಲ್ಲಿ ತೊಟ್ಟಿಗೆ ಅದ್ದಿದ ಟ್ಯೂಬಿನಂತೆ ಸೋರುವ ಜಾಗ ತಾನೇ ಗುಳ್ಳೆ ಬಿಟ್ಟು ತೋರಿಸಿಕೊಡುತ್ತದೆ.

ಸೋರಿಕೆ ಇರುವುದು ತುದಿಯಲ್ಲಾದರೆ ಸೀಳಿದ ಎರಡು ಮೂರು ಸೆಂಟಿಮೀಟರ್ ಕತ್ತರಿಸಿ, ಉಳಿದ ತುದಿಯನ್ನು ಬಿಸಿನೀರಲ್ಲಿ ಅದ್ದಿ ಮೆತ್ತಗೆ ಮಾಡಿ ಮತ್ತೆ ಫಿಟಿಂಗಿಗೆ ಏರಿಸಬಹುದು. ಟೇಪು ಸುತ್ತುವುದು ವ್ಯರ್ಥ. ಮೇಲೇರುವ ಒತ್ತಡ ಅದನ್ನು ಎರಡೇ ಓಟಕ್ಕೆ ಬಿಚ್ಚಿಹಾಕುತ್ತದೆ. ನಡುವೆ ಹಲವು ಕಡೆ ಬಿರುಕಿದ್ದರೆ ಇಡೀ ಟ್ಯೂಬನ್ನೇ ಬದಲಿಸುವುದು ಜಾಣತನ, ಅದೇನೂ ದುಬಾರಿ ವಸ್ತುವಲ್ಲ. ದೋಣಿಯ ಅಂಚಿನೊಳಗೆ ಹೊಸದನ್ನು ತೂರಿಸುವುದು ಕಷ್ಟವೆನಿಸಿದರೆ ಹಳೆಯದರ ತುದಿಗೆ ಹೊಸದನ್ನು ಕಟ್ಟಿ ಎಳೆದರೆ ಹಳೆಯದು ಹೊರಬರುತ್ತಿದ್ದಂತೆ ಹೊಸದು ಅದರ ಜಾಗಕ್ಕೆ ಬಂದು ಕೂರುತ್ತದೆ.

ಟ್ಯೂಬಿನೊಳಗೆ ನೀರು ಎಲ್ಲಿಯವರೆಗೆ ಬರುತ್ತದೆ ಎಂಬುದು ಗಮನಿಸಬೇಕಾದ ವಿಷಯ. ಸೋರಿಕೆಯಿಲ್ಲದ ಟ್ಯೂಬಿನಲ್ಲಿ ಗಾಳಿ ಸಿಕ್ಕಿಕೊಂಡಿರುತ್ತದೆ. ಕೆಳಗಿನಿಂದ ಒತ್ತುವ ನೀರು ಆ ಗಾಳಿಯನ್ನು ಅದುಮುತ್ತದೆಯೇ ಹೊರತು ಹೊರಗಟ್ಟಲಾರದು. ಗಂಟೆಗೆ 36 ಕಿ.ಮೀ. ವೇಗದಲ್ಲಿ ಟ್ಯೂಬಿನ ಉದ್ದದ ಸುಮಾರು ಮೂರನೆಯ ಒಂದು ಭಾಗದಲ್ಲಿ ನೀರು, ಉಳಿದದ್ದರಲ್ಲಿ ಗಾಳಿ. 6 ಮೀಟರ್ ಟ್ಯೂಬಿನಲ್ಲಿ ನೀರು ಎರಡು ಮೀಟರಿನ ಆಸುಪಾಸಿನಲ್ಲೇ ನಿಲ್ಲುತ್ತದೆ, ಡಯಲಿನ ಹತ್ತಿರ ಸುಳಿಯುವುದೂ ಇಲ್ಲ. ಹಾಗಿದ್ದೂ ಡಯಲಿನ ಹಿಂದೆ ನೀರಿನ ಹನಿ ಕಂಡರೆ ಎಲ್ಲೋ ಮೇಲುಗಡೆಯೇ ಗಾಳಿ ಹೊರಬೀಳುತ್ತಿದೆ ಎಂದರ್ಥ. ಹೀಗೆ ಟ್ಯೂಬು ಪೂರ್ತಿ ನೀರು ತುಂಬಿಕೊಂಡರೆ ಆ ನೀರಿನ ಭಾರವೂ ಅಳತೆಯನ್ನು ತಗ್ಗಿಸುತ್ತದೆ. ಡಯಲು ನೀರಿನ ಮಟ್ಟಕ್ಕಿಂತ ಒಂದು ಮೀಟರ್ ಎತ್ತರದಲ್ಲಿದ್ದರೆ ನಿಜವಾದ 36 ಕಿ.ಮೀ. ವೇಗ 32 ಎಂದು ಕಾಣುತ್ತದೆ, 72 ಮಾತ್ರ ಸುಮಾರು 70 ಎಂದು ಕಾಣುತ್ತದೆ. ನಿಧಾನದಲ್ಲಿ ಹೆಚ್ಚು, ಜೋರಿನಲ್ಲಿ ಕಡಿಮೆ ತಪ್ಪುವ ಸ್ಪೀಡೋಮೀಟರ್ ಕಂಡರೆ ಟ್ಯೂಬಿನಲ್ಲಿ ನೀರು ನಿಂತಿದೆಯೇ ಎಂದು ನೋಡಬೇಕು; ದೋಣಿ ದಡದಲ್ಲಿರುವಾಗ ಡಯಲಿನ ಕಡೆ ಬಿಚ್ಚಿದರೆ ಅದು ತಾನಾಗಿ ಇಳಿದುಹೋಗುತ್ತದೆ.

ಡಯಲು ಮತ್ತು ಪಿಟೋ ಕೂರಿಸಿದ ಜಾಗ

ಪಂಪಿನ ಪರೀಕ್ಷೆಯಲ್ಲಿ ಗಾಳಿ ಸೋರದೆಯೂ ಮುಳ್ಳು ತಪ್ಪು ಅಂಕಿಗೆ ಹೋದರೆ ಡಯಲೇ ಕೆಟ್ಟಿದೆ. ಕೆಲವು ಡಯಲುಗಳ ಹಿಂದೆ ಹೊಂದಿಸಿಕೊಳ್ಳಲು ಸಣ್ಣ ಸ್ಕ್ರೂ ಇರುತ್ತದೆ. ಎಲ್ಲ ವೇಗದಲ್ಲೂ ಒಂದೇ ಬದಿಗೆ ತಪ್ಪುತ್ತಿದ್ದರೆ ಅದರಿಂದ ಸರಿಪಡಿಸಬಹುದು. ಹಿಗ್ಗಿದ ಕೊಳವೆಯನ್ನು, ತುಕ್ಕು ಹಿಡಿದ ಹಲ್ಲುಚಕ್ರವನ್ನು ಮನೆಯಲ್ಲಿ ಸರಿಮಾಡಲಾಗದು. ಡಯಲು ಬದಲಿಸುವ ಖರ್ಚಿಗೆ ಕೈಹಾಕಬೇಕಾದ್ದು ಈ ಹಂತದಲ್ಲಿ, ಇದಕ್ಕೂ ಮೊದಲಲ್ಲ.

ಎಲ್ಲವೂ ಗಟ್ಟಿಯಿದ್ದು ಮುಳ್ಳು ಮಾತ್ರ ತುಯ್ದಾಡುತ್ತಿದ್ದರೆ ತೂತಿನ ಮುಂದೆ ಹರಿಯುವ ನೀರನ್ನು ನೋಡಬೇಕು. ಹಿಂಬದಿಗೆ ಹಾಕಿದ ಪಿಟೋ ಕಾಲಿನ ನೇರ ಮುಂದೆ ದೋಣಿಯ ತಳದಲ್ಲಿ ಏಣೋ, ರಿವೆಟ್ಟಿನ ಸಾಲೋ, ಇನ್ನೊಂದು ಸೆನ್ಸರೋ ಇದ್ದರೆ ಅದು ಎಬ್ಬಿಸಿದ ಗುಳ್ಳೆಗಳು ಬಂದು ತೂತಿಗೆ ಬಡಿಯುತ್ತವೆ. ಕಾಲಿನ ತುದಿ ತಳಮಟ್ಟಕ್ಕಿಂತ ಸ್ವಲ್ಪ ಕೆಳಗಿರಬೇಕು, ಬಾಯಿ ನೇರ ಮುಂದಕ್ಕೆ ನೋಡಬೇಕು, ಪ್ರೊಪೆಲರಿನಿಂದ ದೂರವಿರಬೇಕು. ಎಂಜಿನ್ನಿನಲ್ಲೇ ತೂತಿರುವ ದೋಣಿಯಲ್ಲಿ ಟ್ರಿಮ್ ಹೆಚ್ಚಿಸಿ ಎಂಜಿನ್ನನ್ನು ಹೊರಕ್ಕೆ ಓರೆ ಮಾಡಿದಾಗ ತೂತು ನೀರಿಗೆ ನೇರ ಮುಖ ಕೊಡುವುದಿಲ್ಲ. ಆಗ ದೋಣಿಯ ವೇಗ ಏರುತ್ತಿದ್ದರೂ ಮುಳ್ಳು ಇಳಿಯಬಹುದು. ಟ್ರಿಮ್ಮಿಗೆ ತಕ್ಕಂತೆ ಬರುತ್ತ ಹೋಗುತ್ತ ಇರುವ ತಪ್ಪು ಇದೇ ಕಾರಣದ್ದು, ಅದಕ್ಕೆ ದುರಸ್ತಿ ಬೇಕಿಲ್ಲ.

ನೀರುಚಕ್ರದ ಮಾಪಕ

ಹಾಯಿದೋಣಿಗಳಲ್ಲಿ, ನಿಧಾನವಾಗಿ ಸಾಗುವ ದೊಡ್ಡ ದೋಣಿಗಳಲ್ಲಿ, ಮೀನು ಹುಡುಕುವ ಫಿಶ್‌ಫೈಂಡರ್ ಇರುವ ಕಡೆ ಪಿಟೋ ಬದಲು ಹೆಬ್ಬೆರಳ ಗಾತ್ರದ ಪ್ಲಾಸ್ಟಿಕ್ ಚಕ್ರವೊಂದು ಇರುತ್ತದೆ. ಹರಿಯುವ ನೀರಿಗೆ ಅದು ಸುತ್ತುತ್ತದೆ. ರೆಕ್ಕೆಗಳಲ್ಲಿ ಹುದುಗಿಸಿದ ಅಯಸ್ಕಾಂತಗಳು ಹಾದುಹೋದಾಗಲೆಲ್ಲ ಒಳಗಿನ ಹಾಲ್ ಸೆನ್ಸರ್ ಒಂದೊಂದು ವಿದ್ಯುತ್ ಮಿಡಿತ ಕಳಿಸುತ್ತದೆ. ಎಡ್ವಿನ್ ಹಾಲ್ 1879ರಲ್ಲಿ ಕಂಡುಹಿಡಿದ, ಅಯಸ್ಕಾಂತದ ಸಮ್ಮುಖದಲ್ಲಿ ವಿದ್ಯುತ್ ಹರಿವು ಪಕ್ಕಕ್ಕೆ ವಾಲುವ ಗುಣವೇ ಇದರ ಆಧಾರ. ಪಿಟೋ ಸೋಲುವ ನಿಧಾನ ವೇಗದಲ್ಲಿ ಈ ಚಕ್ರ ಚೆನ್ನಾಗಿ ಕೆಲಸ ಮಾಡುತ್ತದೆ.

ಇದರ ದೊಡ್ಡ ಶತ್ರು ಪಾಚಿ, ಚಿಪ್ಪುಜೀವಿ, ಬಲೆಯ ನೂಲು. ದೋಣಿ ದಡದಲ್ಲಿದ್ದಾಗ ಸ್ವಿಚ್ ಹಾಕಿ ಚಕ್ರವನ್ನು ಬೆರಳಿನಿಂದ ಜೋರಾಗಿ ತಿರುಗಿಸಿದಾಗ ಪರದೆಯಲ್ಲಿ ಏನಾದರೂ ವೇಗ ಕಂಡರೆ ವಿದ್ಯುತ್ ಭಾಗ ಸರಿಯಿದೆ, ಚಕ್ರವನ್ನು ತೊಳೆದರೆ ಸಾಕು. ಏನೂ ಕಾಣದಿದ್ದರೆ ಮಲ್ಟಿಮೀಟರ್ ಹಿಡಿದು ಸೆನ್ಸರಿಗೆ ವಿದ್ಯುತ್ ತಲುಪುತ್ತಿದೆಯೇ ಎಂದು ನೋಡಬೇಕು. ತಲುಪುತ್ತಿದ್ದರೆ ಚಕ್ರವನ್ನು ಬಹಳ ನಿಧಾನವಾಗಿ ತಿರುಗಿಸುತ್ತ ಸಿಗ್ನಲ್ ತಂತಿಯ ವೋಲ್ಟೇಜು ಏರುತ್ತ ಇಳಿಯುತ್ತ ಇದೆಯೇ ಎಂದು ನೋಡಬೇಕು. ಇಲ್ಲವಾದರೆ ಸೆನ್ಸರ್ ಸತ್ತಿದೆ. ಉಪ್ಪುನೀರಿನ ದೋಣಿಗಳಲ್ಲಿ ಸೆನ್ಸರಿಗಿಂತ ಅದರ ಪ್ಲಗ್ಗಿನೊಳಗಿನ ಹಸಿರು ತುಕ್ಕೇ ಹೆಚ್ಚು ಸಲ ಕಾರಣವಾಗಿರುತ್ತದೆ. ತಳ ಕೊರೆದು ಕೂರಿಸಿದ ಚಕ್ರವನ್ನು ನೀರಿನಲ್ಲಿರುವಾಗಲೇ ಹೊರತೆಗೆಯಬೇಕಾಗಿ ಬಂದರೆ ಮುಚ್ಚುವ ಬಿರಡೆ ಕೈಯಲ್ಲಿ ಸಿದ್ಧವಿರಬೇಕು, ತೆಗೆದ ಕ್ಷಣವೇ ನೀರು ಬುಗ್ಗೆಯಂತೆ ಒಳನುಗ್ಗುತ್ತದೆ. ಪಾಚಿ ಹಿಡಿಯದಂತೆ ಚಕ್ರಕ್ಕೆ ಬಳಿಯುವ ಬಣ್ಣ ನೀರು ಬೆರೆಸುವ ಬಗೆಯದ್ದೇ ಆಗಿರಬೇಕು. ಕಟು ದ್ರಾವಕವಿರುವ ಬಣ್ಣ ಪ್ಲಾಸ್ಟಿಕ್ಕನ್ನು ತಿಂದುಹಾಕುತ್ತದೆ.

ಈಗಿನ ಡಿಜಿಟಲ್ ಪರದೆಗಳಲ್ಲಿ ಪಿಟೋ, ಚಕ್ರ, ಜಿಪಿಎಸ್ ಮೂರರಲ್ಲಿ ಯಾವುದರಿಂದ ವೇಗ ಪಡೆಯಬೇಕು ಎಂಬ ಆಯ್ಕೆ ಸೆಟಿಂಗಿನಲ್ಲಿರುತ್ತದೆ. ಬ್ಯಾಟರಿ ಬದಲಿಸಿದಾಗಲೋ ಯಾರೋ ಬಟನ್ ಒತ್ತಿದಾಗಲೋ ಅದು ಬದಲಾಗಿದ್ದರೆ ಇಲ್ಲದ ಸೆನ್ಸರಿನ ವೇಗಕ್ಕಾಗಿ ಪರದೆ ಕಾಯುತ್ತ ಗೆರೆಗಳನ್ನಷ್ಟೇ ತೋರಿಸುತ್ತದೆ. ಸ್ಪ್ಯಾನರ್ ಹಿಡಿಯುವ ಮೊದಲು ಮೆನು ತೆರೆದು ನೋಡಬೇಕು.

ತಾಳೆ ನೋಡುವುದು

ದುರಸ್ತಿಯಾದ ಮೇಲೆ ಅಳತೆ ಸರಿಯಿದೆಯೇ ಎಂದು ನೋಡಲು ಗೊತ್ತಿರುವ ಒಂದು ದೂರವನ್ನು ಎರಡೂ ದಿಕ್ಕಿನಲ್ಲಿ ಓಡಬೇಕು. ಇಲ್ಲಿ ಅನುಭವಸ್ಥರೂ ಎಡವುವ ಒಂದು ಲೆಕ್ಕವಿದೆ. ಒಂದು ಕಿಲೋಮೀಟರ್ ದೂರವನ್ನು ಹರಿವಿನ ಜೊತೆ 2 ನಿಮಿಷದಲ್ಲಿ, ಹರಿವಿಗೆ ಎದುರಾಗಿ 3 ನಿಮಿಷದಲ್ಲಿ ಓಡಿದ ದೋಣಿಯನ್ನು ತೆಗೆದುಕೊಂಡರೆ, ಹೋಗುವ ವೇಗ ಗಂಟೆಗೆ 30, ಬರುವ ವೇಗ 20; ಎರಡರ ಸರಾಸರಿ 25. ಅದೇ ಒಟ್ಟು ಎರಡು ಕಿಲೋಮೀಟರನ್ನು ಒಟ್ಟು ಐದು ನಿಮಿಷದಿಂದ ಭಾಗಿಸಿದರೆ 24 ಬರುತ್ತದೆ. ಸರಿಯಾದ ಉತ್ತರ 25. ಎದುರು ಹರಿವಿನಲ್ಲಿ ದೋಣಿ ಹೆಚ್ಚು ಹೊತ್ತು ಕಳೆಯುವುದರಿಂದ ಸಮಯಗಳನ್ನು ಕೂಡಿಸಿದರೆ ಆ ಬದಿಯ ತೂಕ ಹೆಚ್ಚಾಗಿಬಿಡುತ್ತದೆ. ವೇಗಗಳನ್ನು ಬೇರೆ ಬೇರೆಯಾಗಿ ಕಂಡುಹಿಡಿದು ಆಮೇಲೆ ಸರಾಸರಿ ಮಾಡಿದರೆ ಹರಿವಿನ 5 ಕಿ.ಮೀ. ಒಮ್ಮೆ ಕೂಡಿ ಒಮ್ಮೆ ಕಳೆದು ಪೂರ್ತಿ ಅಳಿದುಹೋಗುತ್ತದೆ. ಜಿಪಿಎಸ್ ಬಳಸುವಾಗಲೂ ಕ್ರಮ ಇದೇ: ಎರಡೂ ದಿಕ್ಕಿನಲ್ಲಿ ಓಡಿ, ಎರಡು ವೇಗಗಳ ಸರಾಸರಿಯನ್ನು ಡಯಲಿಗೆ ಹೋಲಿಸಬೇಕು. ಡಿಜಿಟಲ್ ಪರದೆಯಲ್ಲಿ ಈ ಅಂತರವನ್ನು ತಿದ್ದುವ ಗುಣಕವನ್ನು ಮೆನುವಿನಲ್ಲಿ ತುಂಬಬಹುದು. ಮುಳ್ಳಿನ ಡಯಲು ಒಂದೆರಡು ಕಿ.ಮೀ. ತಪ್ಪಿದರೆ ಅದನ್ನು ಗುರುತು ಹಾಕಿಕೊಂಡು ಬಳಸುವುದೇ ಸರಿ.

ಹಂಗಾಮು ಮುಗಿದು ದೋಣಿಯನ್ನು ದಡಕ್ಕೆ ಎಳೆದಾಗ ಡಯಲಿನ ಹಿಂದಿನ ಟ್ಯೂಬನ್ನು ಕಳಚಿ, ಒಳಗಿನ ನೀರು ಪೂರ್ತಿ ಇಳಿಯುವವರೆಗೆ ಬಿಟ್ಟು, ಆ ತುದಿಯಿಂದ ಬಾಯಲ್ಲೇ ಒಮ್ಮೆ ಊದಿ ಮತ್ತೆ ಸಿಕ್ಕಿಸಬೇಕು. ಗೇರ್‌ಕೇಸಿನ ತೂತಿಗೆ ಕಣಜ ಸೇರದಂತೆ ಒಂದು ತುಂಡು ಟೇಪು ಅಂಟಿಸಿ, ಅದರ ತುದಿಗೆ ಎದ್ದು ಕಾಣುವ ಕೆಂಪು ಬಟ್ಟೆಯ ಪಟ್ಟಿಯೊಂದನ್ನು ಕಟ್ಟಬೇಕು. ನೀರಿಗಿಳಿಸುವ ದಿನ ಟೇಪು ತೆಗೆಯುವುದು ಮರೆಯದಿರಲು ಅದು ಬೇಕು.